ಒಂದೇ ಶಾಫ್ಟಿಗೆ ಮೂರು ಅಳತೆ: ಯಾವುದನ್ನು ನಂಬಬೇಕು?

ಪ್ರಶ್ನೆ: ಲೇತ್ ಕೆಲಸ ಕಲಿಯುತ್ತಿದ್ದೇನೆ. ಡ್ರಾಯಿಂಗ್‌ನಲ್ಲಿ 25 ಎಚ್7 (ಸಣ್ಣ ಎಚ್) ಎಂದಿದ್ದ ಸ್ಟೀಲ್ ಶಾಫ್ಟ್ ಟರ್ನ್ ಮಾಡಿದೆ. ವರ್ನಿಯರ್‌ನಲ್ಲಿ 25.00 ಬಂತು. ಮೈಕ್ರೋಮೀಟರ್‌ನಲ್ಲಿ ಒಮ್ಮೆ 24.99, ಇನ್ನೊಮ್ಮೆ 24.98. ಇನ್ಸ್‌ಪೆಕ್ಷನ್‌ನಲ್ಲಿ 24.975 ಎಂದು ರಿಜೆಕ್ಟ್ ಆಯಿತು. ಸ್ಕೇಲ್ ಓದಲು ನನಗೆ ಬರುತ್ತದೆ, ಆದರೂ ತಪ್ಪು ಎಲ್ಲಾಗುತ್ತಿದೆ? ಡಿಜಿಟಲ್ ಮೈಕ್ರೋಮೀಟರ್ ಕೊಂಡರೆ ಸರಿಹೋಗುತ್ತದೆಯೇ? ಕೈ ಪಳಗಿಸಿಕೊಳ್ಳುವುದು ಹೇಗೆ?

ಉತ್ತರ: ಡಿಜಿಟಲ್ ಮೈಕ್ರೋಮೀಟರ್ ಸದ್ಯಕ್ಕೆ ಬೇಡ. ಈಗಿರುವ ಮೈಕ್ರೋಮೀಟರ್‌ನಲ್ಲೇ ನಿಮ್ಮ ಕೈ ಎರಡು ಸಲಕ್ಕೆ ಎರಡು ಅಳತೆ ಕೊಡುತ್ತಿದೆ ಎಂದಮೇಲೆ, ಡಿಜಿಟಲ್ ಬಂದರೆ ಅದೇ ವ್ಯತ್ಯಾಸ ಇನ್ನೊಂದು ಅಂಕಿ ಹೆಚ್ಚಾಗಿ ಕಾಣಿಸುತ್ತದೆ, ಅಷ್ಟೇ. ಸ್ಕೇಲ್ ಓದುವುದನ್ನು ಒಂದು ದಿನದಲ್ಲಿ ಕಲಿಯಬಹುದು. ಓದಿದ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಹೇಳಲು ಬರುವುದೇ ನಿಜವಾದ ಕಲಿಕೆ. ಅದಕ್ಕೆ ಸೈಜ್ ಗೊತ್ತಿಲ್ಲದ ಜಾಬ್‌ಗಳನ್ನು (ಕೆಲಸದ ತುಂಡುಗಳನ್ನು) ಎಷ್ಟು ಅಳೆದರೂ ಪ್ರಯೋಜನವಿಲ್ಲ, ಏಕೆಂದರೆ ನೀವು ತಪ್ಪಿದಿರೋ ಇಲ್ಲವೋ ಎಂದು ಆ ಜಾಬ್ ಹೇಳುವುದಿಲ್ಲ. ಸೈಜ್ ಮೊದಲೇ ಗೊತ್ತಿರುವ ವಸ್ತುವಿನ ಮೇಲೆ ಕೈ ಪಳಗಬೇಕು.

ಮೊದಲು ನಿಮ್ಮ ಶಾಫ್ಟ್ ನೋಡೋಣ. 25ಕ್ಕೆ ಸಣ್ಣ ಎಚ್7 ಎಂದರೆ ಮೇಲಿನ ಮಿತಿ 25.000, ಕೆಳಗಿನ ಮಿತಿ 24.979. ನಿಮಗಿರುವ ಜಾಗ, ಅಂದರೆ ಟಾಲರೆನ್ಸ್, ಒಟ್ಟು 21 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ 0.001 ಮಿ.ಮೀ.). 0.02 ಲೀಸ್ಟ್ ಕೌಂಟ್ (ಓದಬಹುದಾದ ಅತಿ ಚಿಕ್ಕ ಅಳತೆ) ವರ್ನಿಯರ್‌ನ ಒಂದು ಗೆರೆಯೇ 20 ಮೈಕ್ರಾನ್, ಅಂದರೆ ಟಾಲರೆನ್ಸ್ ಹೆಚ್ಚುಕಡಿಮೆ ಪೂರ್ತಿ ಒಂದು ಗೆರೆಯೊಳಗೆ ಮುಗಿದುಹೋಯಿತು. 0.01 ತೋರಿಸುವ ಡಿಜಿಟಲ್ ಕ್ಯಾಲಿಪರ್‌ನ ನಿಖರತೆಯೂ ಸಾಮಾನ್ಯವಾಗಿ ±0.02ರ ಆಸುಪಾಸು. ಟಾಲರೆನ್ಸಿನ ಹತ್ತನೇ ಒಂದು ಭಾಗವನ್ನು ನಂಬಿಕೆಯಿಂದ ಹೇಳಬಲ್ಲ ಉಪಕರಣ ಇರಲಿ, ತೀರಾ ಆಗದಿದ್ದರೆ ನಾಲ್ಕನೇ ಒಂದು ಭಾಗವನ್ನಾದರೂ ಹೇಳುವಂತಿರಲಿ ಎಂಬುದು ಹಳೆಯ ನಿಯಮ. ಹಾಗಾಗಿ ಈ ಜಾಬ್‌ಗೆ ವರ್ನಿಯರ್ ಇರುವುದು ರಫಿಂಗ್, ಅಂದರೆ ಒರಟಾಗಿ ಕೊರೆಯುವ ಮೊದಲ ಹಂತಕ್ಕೆ ಮಾತ್ರ. ಅದು ತೋರಿಸಿದ 25.00 ಸುಳ್ಳಲ್ಲ, ಆದರೆ ಈ ಪ್ರಶ್ನೆಗೆ ಅದು ಉತ್ತರವೂ ಅಲ್ಲ.

ವರ್ನಿಯರ್‌ಗೆ ಹುಟ್ಟಿನಿಂದಲೇ ಬಂದ ಒಂದು ದೋಷವಿದೆ. ಅಳೆಯುವ ಜಾಗ ಜಾ (ಜಾಬ್ ಕಚ್ಚುವ ದವಡೆ) ತುದಿಯಲ್ಲಿ, ಸ್ಕೇಲ್ ಇರುವುದು ಮೇಲೆ ಬೀಮ್‌ನಲ್ಲಿ (ಉದ್ದನೆಯ ಪಟ್ಟಿಯಲ್ಲಿ). ಸರಿಯುವ ಜಾ ಕೂದಲಷ್ಟು ಓರೆಯಾದರೂ ಆ ಓರೆ ನೇರವಾಗಿ ಅಳತೆಗೆ ಸೇರುತ್ತದೆ. ಅಳೆಯುವ ಗೆರೆ, ಸ್ಕೇಲ್ ಗೆರೆ ಎರಡೂ ಒಂದೇ ನೇರದಲ್ಲಿರಬೇಕು ಎಂಬ ತತ್ವವನ್ನು ಅರ್ನ್ಸ್ಟ್ ಅಬ್ಬೆ 1890ರಲ್ಲಿ ಹೇಳಿದ. ಮೈಕ್ರೋಮೀಟರ್ ಅದನ್ನು ಪಾಲಿಸುತ್ತದೆ, ವರ್ನಿಯರ್ ಪಾಲಿಸುವುದಿಲ್ಲ. ನಿಮ್ಮ ವರ್ನಿಯರ್ ಎಷ್ಟು ಸಡಿಲವಾಗಿದೆ ಎಂದು ತಿಳಿಯಲು ಒಂದು ಗ್ರೈಂಡ್ ಆದ ಪಿನ್ ತೆಗೆದುಕೊಂಡು ಜಾ ಬುಡದಲ್ಲಿ ಒಮ್ಮೆ, ತುದಿಯಲ್ಲಿ ಒಮ್ಮೆ ಅಳೆಯಿರಿ. ಎರಡೂ ಒಂದೇ ಬಂದರೆ ಸರಿ. ಬರದಿದ್ದರೆ ಸ್ಲೈಡ್ ಮೇಲಿನ ಎರಡು ಪುಟ್ಟ ಸ್ಕ್ರೂಗಳನ್ನು ಆಟ ಹೋಗುವಷ್ಟು, ಆದರೆ ಸ್ಲೈಡ್ ಬಿಗಿಯಾಗದಷ್ಟು ತಿರುಗಿಸಿ. ನಂತರವೂ ವ್ಯತ್ಯಾಸ ಉಳಿದರೆ ಜಾ ಸವೆದಿದೆ. ಮುಚ್ಚಿದ ಜಾಗಳನ್ನು ಬೆಳಕಿಗೆ ಹಿಡಿದರೆ ಎಲ್ಲಿ ಸವೆದಿದೆ ಎಂದು ಕಾಣುತ್ತದೆ. ಏನೇ ಇರಲಿ, ಜಾಬ್ ಅನ್ನು ಆದಷ್ಟು ಬೀಮ್‌ನ ಹತ್ತಿರಕ್ಕೆ ತಂದು ಅಳೆಯುವುದು ರೂಢಿಯಾಗಲಿ.

ವರ್ನಿಯರ್ ಓದುವಾಗ ಯಾವ ಗೆರೆ ಕೂಡಿದೆ ಎಂಬ ಅನುಮಾನ ಬಂದರೆ ಆ ಗೆರೆಯನ್ನೇ ದಿಟ್ಟಿಸಬೇಡಿ, ಅದರ ಅಕ್ಕಪಕ್ಕದ ಎರಡು ಗೆರೆಗಳನ್ನು ನೋಡಿ. 49 ಮಿ.ಮೀ. ಅನ್ನು 50 ಭಾಗ ಮಾಡಿರುವುದರಿಂದ ವರ್ನಿಯರ್‌ನ ಒಂದೊಂದು ಭಾಗ 0.98. ಸರಿಯಾದ ಗೆರೆಯ ಎಡದ ಗೆರೆ ಒಂದು ಕಡೆಗೆ, ಬಲದ ಗೆರೆ ಇನ್ನೊಂದು ಕಡೆಗೆ, ಸಮವಾಗಿ ತಪ್ಪಿರುತ್ತವೆ. ಸಮವಾಗಿಲ್ಲದಿದ್ದರೆ ನೀವು ಹಿಡಿದಿರುವುದು ಪಕ್ಕದ ಗೆರೆ.

ಇನ್ನು ಮೈಕ್ರೋಮೀಟರ್. ಸ್ಕ್ರೂವಿನ ಪಿಚ್ 0.5 ಮಿ.ಮೀ., ಥಿಂಬಲ್ (ತಿರುಗುವ ಕೊಳವೆ) ಮೇಲೆ 50 ಭಾಗ, ಆದ್ದರಿಂದ ಒಂದು ಭಾಗ 0.01. ಇಲ್ಲಿ ಹೊಸಬರು ಬೀಳುವ ಹಳ್ಳ ಒಂದೇ, ಅರ್ಧ ಮಿಲಿಮೀಟರ್. ಅಳತೆ 7.48 ಇದೆ ಎನ್ನಿ. ಥಿಂಬಲ್ ಅಂಚು 7.5ರ ಗೆರೆಗೆ ಅಂಟಿಕೊಂಡಂತಿರುತ್ತದೆ. ಆ ಗೆರೆ ಆಗಲೇ ಹೊರಬಂದಿದೆ ಎಂದು ಕಣ್ಣು ಹೇಳುತ್ತದೆ, ನೀವು 7.98 ಎಂದು ಬರೆಯುತ್ತೀರಿ. ಥಿಂಬಲ್‌ನಲ್ಲಿ 45ಕ್ಕಿಂತ ಮೇಲಿನ ಅಂಕಿ ಕಂಡರೆ, ಅಂಚಿನ ಪಕ್ಕ ಕಾಣುವ ಗೆರೆ ಇನ್ನೂ ಬಂದಿಲ್ಲ ಎಂದೇ ಲೆಕ್ಕ. ಥಿಂಬಲ್ ಸೊನ್ನೆ ದಾಟಿದ ಮೇಲಷ್ಟೇ ಅದನ್ನು ಎಣಿಸಬೇಕು. ಮೊದಲು ವರ್ನಿಯರ್ ಹಾಕಿ ದಾರಿ ನೋಡಿಕೊಂಡರೆ ಈ ತಪ್ಪು ಆಗುವುದೇ ಇಲ್ಲ. ಅನುಭವಿಗಳೂ ಹೀಗೆ ಮಾಡುತ್ತಾರೆ, ನಾಚಿಕೆಪಡುವಂಥದ್ದೇನಿಲ್ಲ.

ಅಳೆಯುವ ಮೊದಲು ಮುಖಗಳನ್ನು ಒರೆಸಿ. ಆನ್ವಿಲ್ (ಕದಲದ ಮುಖ) ಮತ್ತು ಸ್ಪಿಂಡಲ್ (ಸರಿಯುವ ಮುಖ) ನಡುವೆ ಒಂದು ಚೂರು ಸ್ವಚ್ಛ ಕಾಗದ ಇಟ್ಟು, ಹಗುರವಾಗಿ ಮುಚ್ಚಿ, ಕಾಗದವನ್ನು ಎಳೆಯಿರಿ. ಕಾಗದದ ಹರಿದ ಅಂಚು ಮುಖದ ಮೇಲೆ ಹಾದುಹೋಗಲು ಬಿಡಬೇಡಿ, ಎಳೆ ಅಲ್ಲೇ ಉಳಿಯುತ್ತದೆ. ನಂತರ ಸೊನ್ನೆ ನೋಡಿ. 0–25ರ ಮೈಕ್ರೋಮೀಟರ್ ಅನ್ನು ಮುಚ್ಚಿ ನೋಡಿದರಾಯಿತು, 25–50ಕ್ಕೆ ಜೊತೆಗೆ ಬಂದ ಸೆಟ್ಟಿಂಗ್ ರಾಡ್ ಬೇಕು. ನಿಮ್ಮ 25ರ ಶಾಫ್ಟ್ ಈ ಎರಡರ ಗಡಿಯಲ್ಲಿದೆ. ರಫಿಂಗ್‌ನಲ್ಲಿ ಒಂದು ಮೈಕ್ರೋಮೀಟರ್, ಫಿನಿಶ್‌ನಲ್ಲಿ ಇನ್ನೊಂದು ಬಳಸಿದ್ದರೆ ಎರಡರ ಸೊನ್ನೆಯನ್ನೂ ನೋಡಿರಬೇಕಿತ್ತು. ಮುಚ್ಚಿದಾಗ +0.01 ತೋರಿಸಿದರೆ ಓದಿದ ಅಂಕಿಯಿಂದ 0.01 ಕಳೆಯಬೇಕು. ಪ್ರತಿಸಲ ಕಳೆಯುವ ಬದಲು ಜೊತೆಗೆ ಬಂದ ಸಿ ಆಕಾರದ ಸ್ಪ್ಯಾನರ್‌ನಿಂದ ಸ್ಲೀವ್ (ಸ್ಕೇಲ್ ಇರುವ ಒಳ ಕೊಳವೆ) ಅನ್ನು ಸ್ವಲ್ಪ ತಿರುಗಿಸಿ ಗೆರೆ ಕೂಡಿಸಿ. ಅದಕ್ಕೂ ಮುಂಚೆ ಮುಖಗಳನ್ನು ಇನ್ನೊಮ್ಮೆ ಒರೆಸಿ. ಝೀರೋ ಎರರ್ ಎಂದುಕೊಂಡಿದ್ದು ಬಹಳ ಸಲ ಒಣಗಿದ ಕೂಲಂಟ್‌ನ ಪೊರೆಯಾಗಿರುತ್ತದೆ.

ರ್‍ಯಾಚೆಟ್ (ಥಿಂಬಲ್ ಹಿಂದಿನ, ಟಿಕ್ ಟಿಕ್ ಅನ್ನುವ ತಿರುಪು) ಇರುವುದು ಒತ್ತಡ ಪ್ರತಿಸಲ ಒಂದೇ ಇರಲಿ ಎಂದು, ಸುಮಾರು 5ರಿಂದ 10 ನ್ಯೂಟನ್. ಥಿಂಬಲ್ ಹಿಡಿದು ಬಿಗಿಮಾಡಿದರೆ ಫ್ರೇಮ್ ಅಗಲಿ ಅಳತೆ ಕಡಿಮೆ ತೋರುತ್ತದೆ. ರ್‍ಯಾಚೆಟ್ ಬಳಸಿಯೂ ತಪ್ಪಬಹುದು: ಭರ್ರನೆ ತಿರುಗಿಸಿ ಸ್ಪಿಂಡಲ್ ಅನ್ನು ಜಾಬ್‌ಗೆ ಬಡಿದರೆ ವೇಗಕ್ಕೆ ಅದು ಒಂದಿಷ್ಟು ಹೆಚ್ಚೇ ಒತ್ತುತ್ತದೆ. ಮುಟ್ಟುವ ಮೊದಲು ನಿಧಾನಿಸಿ, ಮುಟ್ಟಿದ ಮೇಲೆ ರ್‍ಯಾಚೆಟ್ ಮೂರು ಸಲ ಟಿಕ್ ಅನ್ನಲಿ, ಪ್ರತಿಸಲವೂ ಮೂರೇ. ಆನ್ವಿಲ್ ಅನ್ನು ಶಾಫ್ಟಿನ ಕೆಳಗೆ ಗಟ್ಟಿಯಾಗಿ ಊರಿ, ಸ್ಪಿಂಡಲ್ ತುದಿಯನ್ನು ಅತ್ತಿತ್ತ ತುಸು ಆಡಿಸುತ್ತ ಮುಚ್ಚಬೇಕು. ಶಾಫ್ಟಿಗೆ ಅಡ್ಡಲಾಗಿ ಆಡಿಸಿದಾಗ ಸಿಗುವ ಅತಿ ದೊಡ್ಡ ಜಾಗ, ಉದ್ದಕ್ಕೆ ಆಡಿಸಿದಾಗ ಸಿಗುವ ಅತಿ ಚಿಕ್ಕ ಜಾಗ, ಇವೆರಡೂ ಸೇರುವಲ್ಲಿ ಡಯಾಮೀಟರ್ ಇದೆ. ಲಾಕ್ ಇರುವುದು ಅಂಕಿ ಓದುವವರೆಗೆ ಕದಲದಿರಲು. ಲಾಕ್ ಹಾಕಿದ ಮೈಕ್ರೋಮೀಟರ್ ಅನ್ನು ಸ್ನ್ಯಾಪ್ ಗೇಜ್‌ನಂತೆ ಶಾಫ್ಟ್ ಮೇಲೆ ಎಳೆದಾಡಿದರೆ ಮುಖಗಳು ಹಾಳು.

ಚಕ್ (ಜಾಬ್ ಹಿಡಿದು ತಿರುಗಿಸುವ ಭಾಗ) ತಿರುಗುತ್ತಿರುವಾಗ ಅಳೆಯಬೇಡಿ, ಎಷ್ಟೇ ನಿಧಾನವಾಗಿ ತಿರುಗುತ್ತಿದ್ದರೂ ಸರಿ. ಜಾ ಸವೆಯುವುದು ಆಮೇಲಿನ ಮಾತು, ಮೊದಲು ಹೋಗುವುದು ಬೆರಳು.

ಈಗ ನಿಮ್ಮ ರಿಜೆಕ್ಷನ್‌ಗೆ ಬರೋಣ. ನನ್ನ ಮೊದಲ ಅನುಮಾನ ಬಿಸಿ. ಸ್ಟೀಲ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಕೂಲಂಟ್ ಇಲ್ಲದೆ ಟರ್ನ್ ಮಾಡಿದ ಶಾಫ್ಟ್ 60 ಡಿಗ್ರಿ ಇತ್ತು, ಮೈಕ್ರೋಮೀಟರ್ 25 ಡಿಗ್ರಿ ಇತ್ತು ಎಂದುಕೊಳ್ಳಿ. 25 ಮಿ.ಮೀ. ಡಯಾಮೀಟರ್‌ಗೆ 35 ಡಿಗ್ರಿ ವ್ಯತ್ಯಾಸ ಎಂದರೆ 10 ಮೈಕ್ರಾನ್. ಲೇತ್ ಮೇಲೆ 24.985 ಇದ್ದದ್ದು ತಣ್ಣಗಾದ ಮೇಲೆ ಸರಿಯಾಗಿ 24.975. ನೀವು ಓದಿದ 24.98, 24.99 ಎರಡೂ ಆ 24.985ರ ಅಕ್ಕಪಕ್ಕವೇ ಇವೆ. ಅಂದರೆ ನಿಮ್ಮ ಅಳತೆಯೂ ಇನ್ಸ್‌ಪೆಕ್ಷನ್‌ನ ಅಳತೆಯೂ ಎರಡೂ ನಿಜವಾಗಿರಬಹುದು, ಅಳೆದ ಹೊತ್ತು ಬೇರೆ. ಕೈಯಲ್ಲಿ ಹಿಡಿಯಲು ಬಿಸಿ ಅನಿಸಿದ ಜಾಬ್‌ನ ಮೈಕ್ರಾನ್ ಲೆಕ್ಕ ಬೇಡ. ಕೂಲಂಟ್ ಬಿಟ್ಟು ತಣಿಸಿ, ಒರೆಸಿ, ಮೈಕ್ರೋಮೀಟರ್ ಪಕ್ಕದಲ್ಲೇ ಸ್ವಲ್ಪ ಹೊತ್ತು ಇಟ್ಟು ಆಮೇಲೆ ಅಳೆಯಿರಿ.

ಅಳತೆಗೆ ಅಂತರರಾಷ್ಟ್ರೀಯ ಉಲ್ಲೇಖ ತಾಪಮಾನ 20 ಡಿಗ್ರಿ, 1931ರಿಂದ ಅದೇ ನಡೆದುಬಂದಿದೆ. ನಿಮ್ಮ ಶಾಪ್ 30 ಡಿಗ್ರಿ ಇದ್ದರೂ ಸ್ಟೀಲ್ ಜಾಬ್, ಸ್ಟೀಲ್ ಮೈಕ್ರೋಮೀಟರ್ ಎರಡೂ ಅದೇ 30ರಲ್ಲಿದ್ದರೆ ಒಟ್ಟಿಗೇ ಹಿಗ್ಗುವುದರಿಂದ ಹೆಚ್ಚು ತೊಂದರೆಯಿಲ್ಲ. ಅಲ್ಯೂಮಿನಿಯಂ ಹಾಗಲ್ಲ, ಅದು ಸುಮಾರು ಎರಡರಷ್ಟು ಹಿಗ್ಗುತ್ತದೆ. 100 ಮಿ.ಮೀ. ಅಲ್ಯೂಮಿನಿಯಂ ಜಾಬ್ ಅನ್ನು 30 ಡಿಗ್ರಿಯಲ್ಲಿ ಅಳೆದರೆ 11–12 ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. ಮೈಕ್ರೋಮೀಟರ್ ಫ್ರೇಮ್ ಮೇಲೆ ಪ್ಲಾಸ್ಟಿಕ್ ಪಟ್ಟಿ ಹಾಕಿರುವುದೂ ಕೈಬಿಸಿ ತಾಗದಿರಲೆಂದೇ. ಹಿಡಿಯುವುದಾದರೆ ಅಲ್ಲೇ ಹಿಡಿಯಿರಿ. ತುಂಬ ಹೊತ್ತು ಅಳೆಯುವುದಿದ್ದರೆ ಸ್ಟ್ಯಾಂಡ್‌ಗೆ ಕಚ್ಚಿಸಿ.

ಎರಡನೇ ಅನುಮಾನ ಶಾಫ್ಟಿನ ಆಕಾರ. ನೀವು ಅಳೆದ ಜಾಗ ಒಂದು, ಇನ್ಸ್‌ಪೆಕ್ಷನ್ ಅಳೆದ ಜಾಗ ಇನ್ನೊಂದು ಇರಬಹುದು. ಟೇಲ್‌ಸ್ಟಾಕ್ (ಶಾಫ್ಟಿನ ಇನ್ನೊಂದು ತುದಿಗೆ ಆಸರೆ) ತುಸು ಸರಿದಿದ್ದರೆ ಶಾಫ್ಟ್ ಟೇಪರ್ ಆಗುತ್ತದೆ, ಒಂದು ತುದಿ ದಪ್ಪ, ಇನ್ನೊಂದು ಸಪೂರ. ಎರಡು ತುದಿ, ನಡುವೆ ಒಂದು, ಹೀಗೆ ಮೂರು ಕಡೆ, ಪ್ರತಿ ಕಡೆ 90 ಡಿಗ್ರಿ ತಿರುಗಿಸಿ ಎರಡು ಸಲ, ಒಟ್ಟು ಆರು ಅಂಕಿ ಬರೆಯಿರಿ. ಮೇಲ್ಮೈ ಒರಟಾಗಿದ್ದರೆ ಇನ್ನೊಂದು ತೊಡಕು: ಮೈಕ್ರೋಮೀಟರ್ ಮುಖ ಟೂಲ್ ಗುರುತುಗಳ ಏಣಿನ ಮೇಲೆ ಕೂರುತ್ತದೆ, ಕಣಿವೆಗೆ ಇಳಿಯುವುದಿಲ್ಲ. ಅಳೆದ ಮೇಲೆ ಎಮರಿ ಪೇಪರ್ ಹಿಡಿದಿರೋ, ಏಣು ಹೋಗಿ ಕೆಲವು ಮೈಕ್ರಾನ್ ಇಳಿದೇ ಇಳಿಯುತ್ತದೆ. ಎಮರಿ ಹಿಡಿಯುವುದೇ ಆದರೆ ಕೊನೆಯ ಅಳತೆ ಅದಾದ ಮೇಲಿರಲಿ.

ಎರಡು ಮುಖದ ಮೈಕ್ರೋಮೀಟರ್‌ಗೆ ಸಿಕ್ಕದ ತಪ್ಪೂ ಒಂದಿದೆ. ತೆಳು ಗೋಡೆಯ ಬುಷ್ (ಕೊಳವೆಯಂಥ ತುಂಡು) ಅನ್ನು ಮೂರು ಜಾ ಚಕ್‌ನಲ್ಲಿ ಬಿಗಿಯಾಗಿ ಹಿಡಿದು ಬೋರ್ ಮಾಡಿದರೆ (ಒಳ ತೂತು ಕೊರೆದರೆ), ಚಕ್‌ನಲ್ಲಿ ಇರುವವರೆಗೆ ಬೋರ್ ಗುಂಡಗಿರುತ್ತದೆ, ಸಡಿಲಿಸಿದೊಡನೆ ಮೂರು ಮೂಲೆಯಾಗುತ್ತದೆ. ಅಂಥ ಆಕಾರವನ್ನು ಎದುರುಬದುರು ಎರಡು ಬಿಂದುಗಳಲ್ಲಿ ಹೇಗೆ ತಿರುಗಿಸಿ ಅಳೆದರೂ ಹೆಚ್ಚುಕಡಿಮೆ ಒಂದೇ ಅಂಕಿ ಬರುತ್ತದೆ, ಆದರೆ ಶಾಫ್ಟ್ ಒಳಗೆ ಹೋಗುವುದಿಲ್ಲ. ಬೋರ್‌ನಲ್ಲಿ ಇದನ್ನು ಹಿಡಿಯಲು ಮೂರು ಬಿಂದುಗಳ ಬೋರ್ ಮೈಕ್ರೋಮೀಟರ್ ಬೇಕು. ಸೆಂಟರ್‌ಲೆಸ್ ಗ್ರೈಂಡಿಂಗ್ ಆದ ಪಿನ್ನಿನ ಹೊರಮೈಯಲ್ಲೂ ಇದೇ ದೋಷ ಇರಬಹುದು. ಅಲ್ಲಿ ಪಿನ್ ಅನ್ನು ವಿ ಬ್ಲಾಕ್‌ನಲ್ಲಿಟ್ಟು, ಮೇಲೆ ಡಯಲ್ (ಮುಳ್ಳಿನಿಂದ ಏರಿಳಿತ ತೋರಿಸುವ ಗೇಜ್) ಇಳಿಸಿ, ತಿರುಗಿಸಿ ನೋಡಿ. 90 ಡಿಗ್ರಿ ವಿ ಬ್ಲಾಕ್‌ನಲ್ಲಿ ಮೂರು ಮೂಲೆಯ ದೋಷ ಎರಡು ಪಟ್ಟು, 60 ಡಿಗ್ರಿಯದರಲ್ಲಿ ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ.

ಇನ್ನು ಅಭ್ಯಾಸ. ಎರಡನೇ ದರ್ಜೆಯ ಸ್ಲಿಪ್ ಗೇಜ್ (ನಿಖರ ದಪ್ಪದ ತುಂಡು) ಸೆಟ್ ನಿಮ್ಮ ಶಾಪ್‌ನಲ್ಲಿದ್ದರೆ ಅದೇ ಗುರು. 87 ತುಂಡಿನ ಸೆಟ್‌ನಿಂದ 17.625 ಕಟ್ಟುವುದು ಹೀಗೆ: ಕೊನೆಯ ಅಂಕಿಯಿಂದ ಶುರುಮಾಡಿ 1.005 ತೆಗೆಯಿರಿ, ಉಳಿದದ್ದು 16.62. ಅದಕ್ಕೆ 1.12 ತೆಗೆದರೆ 15.5. ಆಮೇಲೆ 5.5, 10. ನಾಲ್ಕೇ ತುಂಡು. ಮುಖಗಳನ್ನು ಒರೆಸಿ, ಒಂದರ ಮೇಲೊಂದು ಅಡ್ಡಲಾಗಿ ಇಟ್ಟು, ಹಗುರವಾಗಿ ಒತ್ತುತ್ತ ತಿರುಗಿಸಿ ಕೂಡಿಸಿದರೆ ಅಂಟಿಕೊಳ್ಳುತ್ತವೆ. ಅಂಟದಿದ್ದರೆ ಧೂಳು ಅಥವಾ ಬರ್ ಇದೆ, ಬಲ ಹಾಕಬೇಡಿ. ಕೆಲಸವಾದ ಕೂಡಲೇ ಬಿಡಿಸಿ, ಒರೆಸಿ, ತೆಳುವಾಗಿ ಎಣ್ಣೆ ಸವರಿ ಇಡಿ. ರಾತ್ರಿಯಿಡೀ ಅಂಟಿಸಿ ಬಿಟ್ಟರೆ ಬೇರ್ಪಡಿಸಲು ಹರಸಾಹಸವಾಗುತ್ತದೆ.

ಜೊತೆಗಾರರೊಬ್ಬರು ಸೈಜ್ ಹೇಳದೆ ಹೀಗೆ ಕಟ್ಟಿಕೊಡಲಿ. ನೀವು ಹತ್ತು ಸಲ ಅಳೆಯಿರಿ. ಪ್ರತಿಸಲ ಮೈಕ್ರೋಮೀಟರ್ ಪೂರ್ತಿ ಬಿಚ್ಚಿ, ಕೆಳಗಿಟ್ಟು, ಮತ್ತೆ ಎತ್ತಿ ಹಾಕಬೇಕು, ಹಿಂದಿನ ಅಂಕಿ ಕಣ್ಣಿಗೆ ಬೀಳದಂತೆ ಬರೆಯಬೇಕು. ಥಿಂಬಲ್‌ನ ಎರಡು ಗೆರೆ ನಡುವಿನ ಜಾಗವನ್ನು ಕಣ್ಣಂದಾಜಿನಲ್ಲಿ ಐದು ಭಾಗ ಮಾಡಿ 0.002ರವರೆಗೆ ಓದಿ. ಕೊನೆಗೆ ಎರಡು ವಿಷಯ ನೋಡಿ. ಹತ್ತರಲ್ಲಿ ಅತಿ ದೊಡ್ಡದಕ್ಕೂ ಅತಿ ಚಿಕ್ಕದಕ್ಕೂ ಎಷ್ಟು ಅಂತರ? ಅದು ನಿಮ್ಮ ಕೈಯ ಕಥೆ. ಹತ್ತರ ಸರಾಸರಿಗೂ ನಿಜವಾದ ಸೈಜಿಗೂ ಎಷ್ಟು ಅಂತರ? ಅದು ಬಹುಮಟ್ಟಿಗೆ ಉಪಕರಣದ ಕಥೆ. ಮೊದಲ ಅಂತರ 0.004ರೊಳಗೆ ಬರುವವರೆಗೆ ಮುಂದಕ್ಕೆ ಹೋಗಬೇಡಿ. ಬಂದ ಮೇಲೆ ಒಂದು ಗ್ರೈಂಡ್ ಆದ ಪಿನ್, ಆಮೇಲೆ ನಿಮ್ಮದೇ ಟರ್ನ್ ಮಾಡಿದ ತುಂಡು. ಸ್ಲಿಪ್ ಗೇಜ್ ಮೇಲೆ 0.004 ಇದ್ದ ಅಂತರ ಟರ್ನ್ ಮಾಡಿದ ತುಂಡಿನ ಮೇಲೆ 0.012 ಆದರೆ, ಹೆಚ್ಚಾದ ಭಾಗ ಕೈಯದಲ್ಲ, ಜಾಬ್‌ನದು.

ಸ್ಲಿಪ್ ಗೇಜ್ ಸಿಗದಿದ್ದರೆ ಡೋವೆಲ್ ಪಿನ್ ಆಗುತ್ತದೆ, ಆದರೆ ಹೆಸರಿಗೆ ಹೇಳುವ ಸೈಜೇ ಅದರ ನಿಖರ ಸೈಜ್ ಎಂದುಕೊಳ್ಳಬೇಡಿ. ಎಂ6 (ಸಣ್ಣ ಎಂ) ದರ್ಜೆಯ 10 ಮಿ.ಮೀ. ಪಿನ್ 10.006ರಿಂದ 10.015ರ ನಡುವೆ ಎಲ್ಲಾದರೂ ಇರಬಹುದು. ಇನ್ಸ್‌ಪೆಕ್ಷನ್‌ನವರಿಂದ ಒಮ್ಮೆ ಅಳೆಸಿ ಬರೆದಿಟ್ಟುಕೊಂಡರೆ ಅದೇ ನಿಮ್ಮ ಖಾಸಗಿ ಗೇಜ್.

ಮೈಕ್ರೋಮೀಟರ್ ಅನ್ನೇ ಪರೀಕ್ಷಿಸುವಾಗ 5, 10, 15 ಎಂದು ಪೂರ್ಣಾಂಕದ ಸ್ಲಿಪ್ ಮಾತ್ರ ಹಾಕಿದರೆ ಥಿಂಬಲ್ ಪ್ರತಿಸಲ ಸೊನ್ನೆಗೇ ಬಂದು ನಿಲ್ಲುತ್ತದೆ, ಸ್ಕ್ರೂವಿನ ಒಂದು ಸುತ್ತಿನೊಳಗಿನ ದೋಷ ಅಡಗಿಯೇ ಇರುತ್ತದೆ. ಅದಕ್ಕೇ 2.5, 5.1, 7.7, 10.3, 12.9, 15.0, 17.6, 20.2, 22.8, 25.0 ಎಂಬ ವಿಚಿತ್ರ ಸರಣಿ ಬಳಕೆಯಲ್ಲಿದೆ. ಥಿಂಬಲ್ ಸೊನ್ನೆ, 10, 20, 30, 40ರ ಗೆರೆಗಳಲ್ಲಿ ಬೇರೆ ಬೇರೆ ಕಡೆ ನಿಲ್ಲಲಿ ಎಂದು.

ಒಳ ಅಳತೆ ಹೊರ ಅಳತೆಗಿಂತ ಕಷ್ಟ, ಅದನ್ನು ಆಮೇಲೆ ಕಲಿಯಿರಿ. ವರ್ನಿಯರ್‌ನ ಮೇಲಿನ ಜಾಗಳು ಸಣ್ಣ ತೂತನ್ನು ಯಾವಾಗಲೂ ಚಿಕ್ಕದಾಗಿ ತೋರಿಸುತ್ತವೆ, ಏಕೆಂದರೆ ಜಾ ಅಂಚು ಗೆರೆಯಲ್ಲ, ಅದಕ್ಕೆ ದಪ್ಪವಿದೆ, ಎರಡರ ನಡುವೆ ಸಂದೂ ಇದೆ. ದಪ್ಪ, ಸಂದು ಸೇರಿ 0.6 ಇದ್ದರೆ 5 ಮಿ.ಮೀ. ತೂತು 4.964 ಎಂದು ಕಾಣುತ್ತದೆ, 36 ಮೈಕ್ರಾನ್ ತಪ್ಪು. 20 ಮಿ.ಮೀ. ತೂತಿನಲ್ಲಿ ಅದೇ ತಪ್ಪು 9 ಮೈಕ್ರಾನ್‌ಗೆ ಇಳಿಯುತ್ತದೆ. ಟೆಲಿಸ್ಕೋಪಿಕ್ ಗೇಜ್ (ತೂತಿನೊಳಗೆ ಸ್ಪ್ರಿಂಗ್‌ನಿಂದ ಅಗಲುವ ಗೇಜ್) ಬಳಸುವುದಾದರೆ ಓರೆಯಾಗಿ ಇಳಿಸಿ, ಹಗುರವಾಗಿ ಲಾಕ್ ಮಾಡಿ, ಒಂದೇ ಒಂದು ಸಲ ನೇರ ಸ್ಥಿತಿಯನ್ನು ದಾಟಿಸಿ ಹೊರತೆಗೆದು ಮೈಕ್ರೋಮೀಟರ್ ಹಾಕಿ. ಹಿಂದಕ್ಕೂ ಮುಂದಕ್ಕೂ ಆಡಿಸಿದರೆ ಸೈಜ್ ಕೆಡುತ್ತದೆ. ಎಚ್7 (ದೊಡ್ಡ ಎಚ್) ಬೋರ್‌ಗಳಿಗೆ ಡಯಲ್ ಬೋರ್ ಗೇಜ್ ಬೇಕು. ರಿಂಗ್ ಗೇಜ್‌ನಲ್ಲಿ (ಸೈಜ್ ಗೊತ್ತಿರುವ ಬಳೆಯಲ್ಲಿ) ಸೊನ್ನೆ ಮಾಡಿ, ಬೋರ್‌ನಲ್ಲಿ ಮುಂದೆ ಹಿಂದೆ ತೂಗಿಸಿ, ಮುಳ್ಳು ಹೋಗಿ ಹಿಂತಿರುಗುವ ಆ ಬಿಂದುವನ್ನು ಓದಬೇಕು, ಅದೇ ಅತಿ ಚಿಕ್ಕ ಅಳತೆ. ಡೆಪ್ತ್ ಮೈಕ್ರೋಮೀಟರ್‌ನ ಸ್ಕೇಲ್ ಉಲ್ಟಾ, ಥಿಂಬಲ್ ಮುಚ್ಚಿದ ಅಂಕಿಗಳೇ ಅಳತೆ ಎಂಬುದನ್ನು ಮರೆಯಬೇಡಿ.

ಡಯಲ್ ಬಗ್ಗೆ ಎರಡೇ ಮಾತು. ಪ್ಲಂಜರ್ (ಒಳಹೊರಗೆ ಸರಿಯುವ ಕಡ್ಡಿ) ಮೇಲ್ಮೈಗೆ ಲಂಬವಾಗಿರಬೇಕು. ಲಿವರ್ ಡಯಲ್, ಅಂದರೆ ಪಪ್ಪಿ ಡಯಲ್‌ನ ಕಡ್ಡಿ ಮೇಲ್ಮೈಗೆ ಸಮಾನಾಂತರವಾಗಿರಬೇಕು. ಕಡ್ಡಿ 30 ಡಿಗ್ರಿ ಓರೆಯಾಗಿದ್ದರೆ ಡಯಲ್ ತೋರಿಸಿದ 0.10 ನಿಜಕ್ಕೂ 0.087 ಮಾತ್ರ. ಮತ್ತು ಶಾಫ್ಟ್ ಒಂದು ಸುತ್ತು ತಿರುಗಿದಾಗ ಮುಳ್ಳು 0.04 ಆಡಿತು ಎಂದರೆ ಸೆಂಟರ್ ತಪ್ಪಿರುವುದು 0.02, ಸರಿಪಡಿಸುವಾಗ ತಳ್ಳಬೇಕಾದದ್ದೂ ಅಷ್ಟೇ.

ಮುಂದಿನ ಸಲ ಇದೇ ಶಾಫ್ಟ್ ಟರ್ನ್ ಮಾಡುವಾಗ ಕೊನೆಯಲ್ಲಿ ಡಯಾಮೀಟರ್ ಮೇಲೆ 0.6 ಉಳಿಸಿಕೊಳ್ಳಿ. 0.3 ತೆಗೆಯುವ ಕಟ್ ಹಾಕಿ, ತಣಿಸಿ, ಅಳೆಯಿರಿ. 0.3 ತೆಗೆಯಬೇಕಿದ್ದ ಕಟ್ 0.28 ಮಾತ್ರ ತೆಗೆದಿದ್ದರೆ ಆ 0.02 ಟೂಲ್ ಮತ್ತು ಜಾಬ್ ಬಾಗಿದ್ದರ ಲೆಕ್ಕ. ಈಗ ಉಳಿದಿರುವುದು 0.32, ಗುರಿ ಮಾತ್ರ 25.000 ಅಲ್ಲ, ನಡುವಿನ 24.990. ಹಾಗಾಗಿ ತೆಗೆಯಬೇಕಾದದ್ದು 0.33, ಬಾಗುವಿಕೆಯ 0.02 ಸೇರಿಸಿ ಡಯಾಮೀಟರ್ ಲೆಕ್ಕದಲ್ಲಿ 0.35 ಕೊಡಿ. ಫೀಡ್, ಸ್ಪೀಡ್ ಬದಲಿಸಬೇಡಿ. ಎರಡು ಕಟ್‌ಗಳೂ ಹೆಚ್ಚುಕಡಿಮೆ ಒಂದೇ ಆಳ ಇರುವುದರಿಂದ ಬಾಗುವುದೂ ಅಷ್ಟೇ ಇರುತ್ತದೆ. ಇದರ ಬದಲು ಕೊನೆಗೆ 0.02 ಉಳಿಸಿಕೊಂಡು ಅದನ್ನು ಕೆರೆಯಲು ಹೋದರೆ ಟೂಲ್ ಕೊರೆಯುವ ಬದಲು ಉಜ್ಜುತ್ತದೆ, ಜಾಬ್ ಬಿಸಿಯಾಗುತ್ತದೆ, ಆಮೇಲೆ ಒಮ್ಮೆಗೇ ಕಚ್ಚಿ ಸೈಜ್ ಇಳಿಸಿಬಿಡುತ್ತದೆ.